ಹೆಂಡಿ ಸುಟ್ಟವರ ಹುಚ್ಚು

ಕುಳ್ಳು ತಟ್ಟುವುದಕ್ಕೂ ಒಂದು ಹದವಿದೆ. ಹೆಂಡಿ ತೀರ ಹಸಿಯಾಗಿದ್ದರೆ ಗೋಡೆಯಿಂದ ಜಾರುತ್ತದೆ, ಆರಿದ್ದರೆ ಅಂಚು ಬಿರಿಯುತ್ತದೆ. ಹೊಟ್ಟು ಕಡಿಮೆಯಾದರೆ ಒಲೆ ತುಂಬ ಹೊಗೆ. ಹೆಚ್ಚಾದರೆ ಭಗ್ಗನೆ ಉರಿದು, ರೊಟ್ಟಿ ಬೇಯುವ ಮೊದಲೇ ಮುಗಿಯುತ್ತದೆ. ಸುರಪುರದ ನಮ್ಮ ಮನೆಯ ಹಿತ್ತಲ ಗೋಡೆಗೆ ಅಜ್ಜಿ ಬಡಿದ ಪ್ರತಿ ಕುಳ್ಳಿನ ಮೇಲೂ ಅವಳ ಐದು ಬೆರಳು ಮೂಡಿರುತ್ತಿದ್ದವು. ಎಮ್ಮೆ ಹಸಿ ಮೇವು ತಿಂದಿದೆಯೋ ಜೋಳದ ಕಣಿಕೆ ತಿಂದಿದೆಯೋ ಎಂಬುದನ್ನು ಅವಳು ಹೆಂಡಿಗೆ ಕೈಯಿಡುತ್ತಲೇ ಹೇಳಿಬಿಡುತ್ತಿದ್ದಳು. ಇದನ್ನು ಯಾರೂ ತಿಳಿವಳಿಕೆ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಅದು ಬರೀ ಹೆಂಡಿಕಸ. ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ ‘ಹೆಂಡಿ ಬಳಿಯಾಕ ಹೋಗು’ ಎಂದು ಬೈಯಲಿಕ್ಕೆ ಬಳಸುವ ಕಸ.

ದೊಡ್ಡ ವಿಚಾರಗಳು ಹುಟ್ಟುವುದು ಸಣ್ಣ, ನಿತ್ಯದ ವಸ್ತುಗಳ ಮೇಲಿನ ಹುಚ್ಚು ಪ್ರೀತಿಯಿಂದ ಎಂಬ ಮಾತು ಈಚೆಗೆ ಭಾಷಣಗಳಲ್ಲಿ ಬಹಳ ಕಿವಿಗೆ ಬೀಳುತ್ತದೆ. ಕೇಳಲು ಚೆಂದ. ಆದರೆ ನನ್ನ ಅಜ್ಜಿಗೆ ಹೆಂಡಿಯ ಮೇಲೆ ಪ್ರೀತಿಯಿತ್ತೆ? ಇರಲಿಲ್ಲ ಎಂದೇ ನನ್ನ ಅನಿಸಿಕೆ. ಸೊಂಟ ನೋವಿತ್ತು, ಒಲೆಗೆ ಬೇರೆ ದಾರಿ ಇರಲಿಲ್ಲ. ಹಾಗಾದರೆ ಹೆಂಡಿಯಿಂದ ಯಾವ ವಿಚಾರವೂ ಹುಟ್ಟಲಿಲ್ಲವೆ? ಹುಟ್ಟಿದೆ. ಅದೂ ನಮ್ಮ ಸಗರನಾಡಿನಲ್ಲೇ, ಕೃಷ್ಣೆ ಮತ್ತು ಭೀಮೆಯರ ನಡುವಿನ ಈ ಎರೆನೆಲದಲ್ಲೇ, ದಕ್ಷಿಣ ಭಾರತದ ಮೊದಲ ದನಗಾಹಿಗಳ ಚರಿತ್ರೆಯೇ ಹೆಂಡಿಯೊಳಗಿಂದ ಎದ್ದು ಬಂದಿದೆ. ಅದಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಯಾಕೆ ಅಷ್ಟು ಹಿಡಿಯಿತು ಎಂಬುದೇ ನನಗೆ ಕುತೂಹಲ.

ಕೊಡೇಕಲ್ ಎಂದರೆ ನಮ್ಮವರಿಗೆ ಕೊಡೇಕಲ್ ಬಸವಣ್ಣ, ಕಾಲಜ್ಞಾನ. ಪುರಾತತ್ವದವರಿಗೆ ಮಾತ್ರ ಕೊಡೇಕಲ್ ಎಂದರೆ ಬೂದಿದಿಬ್ಬ. ಅಲ್ಲಿ, ಮತ್ತೆ ಬೂದಿಹಾಳದಲ್ಲಿ, ನೆಲದಿಂದ ಎದ್ದ ಬೂದುಬಣ್ಣದ ದಿಬ್ಬಗಳಿವೆ. ದೂರದಿಂದ ನೋಡಿದರೆ ಯಾರೋ ಮಣ್ಣು ಸುರಿದು ಹೋದಂತೆ. ಹತ್ತಿರ ಹೋಗಿ ಕೈಯಲ್ಲಿ ಹಿಡಿದರೆ ಕೆಲವು ತುಂಡುಗಳು ಹಗುರ, ತೂತು ತೂತು, ಮೇಲೆ ಗಾಜಿನ ಹೊಳಪು. ಕೆಲವು ಕಡೆ ಮೆತ್ತನೆ ಬೂದಿ ಪದರ, ಅದರ ಮೇಲೆ ಮಣ್ಣು, ಮತ್ತೆ ಬೂದಿ. ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ, ಆಚೆಗೆ ಆಂಧ್ರ ಮತ್ತು ತೆಲಂಗಾಣದ ಸೀಮೆಗಳನ್ನು ಸೇರಿಸಿದರೆ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು. ಬೂದಿಹಾಳ ಎಂಬ ಹೆಸರನ್ನೇ ನೋಡಿ. ಊರಿಗೆ ಹೆಸರಿಟ್ಟವರಿಗೆ ಅದು ಬೂದಿ ಎಂಬುದು ಗೊತ್ತಿತ್ತು. ಯಾವುದರ ಬೂದಿ ಎಂಬುದಷ್ಟೇ ಕೇಳದೆ ಉಳಿದ ಪ್ರಶ್ನೆ.

ಕೇಳಿದಾಗಲೂ ಉತ್ತರ ಆಕಾಶದಿಂದಲೇ ಬಂತು. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬ ವಾಲಿಯನ್ನು ದಹಿಸಿದ ಜಾಗ ಎನ್ನುತ್ತಾರೆ. ವಾಲಿಯಂಥ ವೀರ ಸುಟ್ಟರೆ ಇಷ್ಟು ಬೂದಿ ಬೀಳಲೇಬೇಕಲ್ಲ! ಈ ಕತೆಯನ್ನು ನಾನು ತಮಾಷೆ ಮಾಡುತ್ತಿಲ್ಲ. ಬೂದಿಯ ರಾಶಿ ದೊಡ್ಡದಾದರೆ ಸುಟ್ಟದ್ದೂ ದೊಡ್ಡದಿರಬೇಕು ಎಂಬ ತರ್ಕ ಅದರಲ್ಲಿದೆ, ಅದು ಕೆಟ್ಟ ತರ್ಕವಲ್ಲ. 19ನೇ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿ ಸೀಮೆ ಸುತ್ತಿದ ಮದ್ರಾಸ್ ಸೈನ್ಯದ ಅಧಿಕಾರಿ ನ್ಯೂಬೋಲ್ಡ್ ಈ ದಿಬ್ಬಗಳ ಬಗ್ಗೆ ಬರೆದ ಮೇಲೆ ಓದಿದವರ ಊಹೆಗಳು ಶುರುವಾದವು. ಜ್ವಾಲಾಮುಖಿಯ ಮಾತು ಬಂತು. ತೂತುಬಿದ್ದ, ಗಾಜಾದ ಕಲ್ಲನ್ನು ನೋಡಿದವರಿಗೆ ಲಾವಾ ನೆನಪಾದದ್ದು ಸಹಜ. ಲೋಹ ಕರಗಿಸಿದ ಕುಲುಮೆಯ ಕಿಟ್ಟವೆಂದವರಿದ್ದರು. ಸಾಮೂಹಿಕ ಚಿತೆಯೆಂದವರೂ ಇದ್ದರು. ಭೂವಿಜ್ಞಾನದ ಪುಸ್ತಕ, ಯುದ್ಧದ ಪುಸ್ತಕ, ಪುರಾಣ ಎಲ್ಲವೂ ಮೇಜಿನ ಮೇಲೆ ಬಂದವು. ಹಿತ್ತಲ ಗೋಡೆ ಬರಲಿಲ್ಲ.

ಅದನ್ನು ತಂದವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೊಡಲಿಯನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆಗೆದ ಸರ್ಕಾರಿ ಭೂವಿಜ್ಞಾನಿ. ಕಲ್ಲು ಓದುವುದೇ ಅವರ ಕಸುಬು. ಹಾಗಿದ್ದೂ ಬಳ್ಳಾರಿಯ ಬೂದಿಯ ಮುಂದೆ ನಿಂತು ಅವರು ಹೇಳಿದ್ದು, ಇದು ಕಲ್ಲಲ್ಲ, ದನದ ಸಗಣಿ ಎಂದು. ದನ ಕೂಡುತ್ತಿದ್ದ ದೊಡ್ಡಿಗಳಲ್ಲಿ ವರ್ಷಗಟ್ಟಲೆ ಬಿದ್ದ ಸಗಣಿಗೆ ಬೆಂಕಿ ಬಿದ್ದಾಗ ಉಳಿದದ್ದು ಎಂದು. ಆ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪಲು ಎಷ್ಟು ಕಷ್ಟವೆಂದು ನನಗೆ ಅರ್ಥವಾಗುತ್ತದೆ. ಮಹಾಕಾವ್ಯದ ಗುಡ್ಡವೊಂದು ಇದ್ದಕ್ಕಿದ್ದಂತೆ ತಿಪ್ಪೆಯಾಗಿಬಿಟ್ಟಿತು.

ಸಗಣಿ ಗಾಜಾಗುತ್ತದೆಯೆ ಎಂದು ನೀವು ಕೇಳಬಹುದು. ಆಗುತ್ತದೆ. ಹುಲ್ಲಿನ ಎಲೆಯ ಅಂಚು ಕೈ ಕೊಯ್ಯುತ್ತದಲ್ಲ, ಅದು ಎಲೆಯೊಳಗಿನ ಸಿಲಿಕಾದ ಕೆಲಸ. ಹುಲ್ಲು ನೆಲದಿಂದ ಸಿಲಿಕಾ ಹೀರಿ ತನ್ನ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ದನ ಹುಲ್ಲನ್ನು ಅರಗಿಸಿಕೊಳ್ಳುತ್ತದೆ, ಸಿಲಿಕಾವನ್ನು ಅರಗಿಸಿಕೊಳ್ಳುವುದಿಲ್ಲ; ಅದು ಹಾಗೆಯೇ ಹೆಂಡಿಯಲ್ಲಿ ಹೊರಬರುತ್ತದೆ. ಒಂದು ಕುಳ್ಳು ಒಲೆಯಲ್ಲಿ ಉರಿದರೆ ಬಿಳಿಬೂದಿಯಾಗಿ ಉದುರಿಹೋಗುತ್ತದೆ. ಆಳೆತ್ತರದ ರಾಶಿ ದಿನಗಟ್ಟಲೆ ಒಳಗೊಳಗೇ ಕನಲಿದರೆ ಬಿಸಿ ಹೊರಹೋಗಲು ದಾರಿಯಿಲ್ಲ. ಬೂದಿಯಲ್ಲಿರುವ ಕ್ಷಾರ ಸಿಲಿಕಾವನ್ನು ಬೇಗ ಕರಗಿಸುತ್ತದೆ. ಆರಿದ ಮೇಲೆ ಉಳಿಯುವುದು ನೊರೆಗಟ್ಟಿದ ಗಾಜು. ಜ್ವಾಲಾಮುಖಿ ಎಂದವರು ವಸ್ತುವಿನ ಸ್ವಭಾವವನ್ನು ಸರಿಯಾಗಿಯೇ ನೋಡಿದ್ದರು, ತಾಯಿ ಯಾರೆಂಬುದನ್ನು ತಪ್ಪಿದ್ದರು. 1960ರ ಹೊತ್ತಿಗೆ ಲಂಡನ್ನಿನಲ್ಲಿ ಫ್ರೆಡರಿಕ್ ಝಾಯ್ನರ್ ಈ ಬೂದಿಯನ್ನು ಪರೀಕ್ಷಿಸಿ, ಫೂಟ್ ಹೇಳಿದ್ದು ನಿಜ, ಇದು ಸಗಣಿಯೇ ಎಂದರು.

ಅದಕ್ಕೂ ಕೆಲ ವರ್ಷ ಮೊದಲು, 1957ರಲ್ಲಿ, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ರೇಮಂಡ್ ಆಲ್ಚಿನ್ ಅಗೆದಿದ್ದರು. ಬೂದಿಯ ಪದರಗಳ ಕೆಳಗೆ ಮರದ ಬೇಲಿಯ ಕಂಬಗಳ ಕುಳಿಗಳು ಸಿಕ್ಕವು. ಬೇಲಿಯ ಒಳಗಿನ ನೆಲದಲ್ಲಿ ದನದ ಗೊರಸಿನ ಗುರುತುಗಳು ಉಳಿದಿದ್ದವು, ನಾಲ್ಕು ಸಾವಿರ ವರ್ಷಕ್ಕೂ ಹಿಂದಿನವು. 1963ರಲ್ಲಿ ಬಂದ ಆಲ್ಚಿನ್ ಅವರ ಪುಸ್ತಕಕ್ಕೆ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳೇ ವಿಷಯ. ರಾಜರಿಲ್ಲದ, ಶಾಸನವಿಲ್ಲದ, ದೇವಸ್ಥಾನವಿಲ್ಲದ ಜನರ ಚರಿತ್ರೆಯನ್ನು ಅವರು ದೊಡ್ಡಿಯ ಕಸದಿಂದ ಕಟ್ಟಿದರು.

ಬೂದಿಯ ಚರ್ಚೆ ಆಗ ನಮ್ಮೂರ ಕಡೆ ತಿರುಗಿತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1965-66ರಲ್ಲಿ ಕೊಡೇಕಲ್ಲಿನ ದಿಬ್ಬವನ್ನು ಅಗೆದಾಗ ಅವರಿನ್ನೂ ಸಂಶೋಧನೆಯ ವಿದ್ಯಾರ್ಥಿ. ಆಮೇಲೆ ಅವರು ಈ ಸೀಮೆಯನ್ನು ಬಿಡಲೇ ಇಲ್ಲ. ಹುಣಸಗಿ, ಬೈಚಬಾಳ, ಇಸಾಂಪುರ, ಬೂದಿಹಾಳ ಎಂದು ನಾಲ್ಕು ದಶಕ ಇದೇ ಹಳ್ಳ, ಇದೇ ಹೊಲ, ಇದೇ ಒಡ್ಡುಗಳಲ್ಲಿ ತಿರುಗಿದರು. 2012ರಲ್ಲಿ ಪದ್ಮಶ್ರೀ ಬಂತು. ಸುರಪುರದ ಬಸ್ ನಿಲ್ದಾಣದಲ್ಲಿ ಆ ಹೆಸರು ಹೇಳಿದರೆ ಎಷ್ಟು ಜನ ಗುರುತಿಸುತ್ತಾರೋ, ನನಗೆ ಅನುಮಾನ.

1990ರ ದಶಕದಲ್ಲಿ ಅವರು ಬೂದಿಹಾಳದಲ್ಲಿ ಮಾಡಿದ ಕೆಲಸದ ವಿಶೇಷ ಒಂದೇ: ಬೂದಿಯನ್ನಷ್ಟೇ ನೋಡದೆ ಅದರ ಸುತ್ತಲ ನೆಲವನ್ನೂ ಅಗೆದರು. ಅಲ್ಲಿಯವರೆಗೆ ಬೂದಿದಿಬ್ಬ ಎಂದರೆ ಊರಿಂದ ದೂರ, ಅಡವಿಯಲ್ಲಿದ್ದ ದನದ ದೊಡ್ಡಿ ಎಂಬ ಕಲ್ಪನೆಯೇ ಬಲವಾಗಿತ್ತು. ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲೇ ಮನೆಗಳು ಸಿಕ್ಕವು. ಮಡಕೆಯಲ್ಲಿಟ್ಟು ಹೂತ ಮಕ್ಕಳ ಎಲುಬು, ಚರ್ಟ್ ಕಲ್ಲಿನಿಂದ ಅಲಗುಗಳನ್ನು ತೆಗೆಯುತ್ತಿದ್ದ ಕೆಲಸದ ಜಾಗ, ಪ್ರಾಣಿಗಳನ್ನು ಕೊಯ್ದು ಹಂಚುತ್ತಿದ್ದ ಅಂಗಳ, ಎಲ್ಲವೂ ಅಲ್ಲಿದ್ದವು. ಒಂದು ಕಡೆ ದನ, ಒಂದು ಕಡೆ ಮನೆ, ಒಂದು ಕಡೆ ತಿಪ್ಪೆ. ಅಂದರೆ ಅದು ಊರು. ಮೂವತ್ತು ವರ್ಷಗಳ ಹಿಂದಿನ ನಮ್ಮ ಯಾವುದೇ ಹಳ್ಳಿಯ ನಕ್ಷೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಂಡಿಯ ಜೊತೆ ದಿನವೂ ಬದುಕಿದವರಿಗೆ ಬೂದಿದಿಬ್ಬದ ಒಗಟು ಹೊಳೆಯಲಿಲ್ಲ, ಅವರಿಗೆ ಅದು ವಾಲಿಯದೋ ರಕ್ಕಸರದೋ ಆಗಿತ್ತು. ಪುಸ್ತಕ ಓದಿದವರಿಗೂ ಹೊಳೆಯಲಿಲ್ಲ, ಅವರು ಹೆಂಡಿ ಮುಟ್ಟಿದವರಲ್ಲ. ಹೊಳೆದದ್ದು, ವಸ್ತುವನ್ನು ಮುಟ್ಟಲು ನಾಚದೆ, ಅದೇ ಹೊತ್ತಿಗೆ ಅದನ್ನು ಮೊದಲ ಸಲ ಕಂಡಂತೆ ನೋಡಿದ ಕೆಲವೇ ಜನಕ್ಕೆ. ಇದನ್ನು ಪ್ರೀತಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರೀತಿ ಇದ್ದೂ ಎಡವಿದವರು ಇದೇ ಸುರಪುರದಲ್ಲಿದ್ದರು.

ಊರ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಯಾರಿಗೆ ಗೊತ್ತಿಲ್ಲ! ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಹಡಗು ಹತ್ತಿ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿದವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ; ಭಾಷೆ, ಭೂಮಾಪನ, ಕಾನೂನು, ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿತ. ಠಕ್ಕರ ಬಗೆಗಿನ ಕಾದಂಬರಿ ಬರೆದು 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ಅವನ ಕೈಯಲ್ಲಿತ್ತು. ಬಾಲರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. 1858ರಲ್ಲಿ ಆ ರಾಜನ ಬಂಡಾಯ ಮತ್ತು ಸಾವಿನ ಕತೆ ಬೇರೆಯೇ ಒಂದು ಲೇಖನ ಬೇಡುತ್ತದೆ, ಇಲ್ಲಿ ಕೈಹಾಕುವುದಿಲ್ಲ.

ಈ ಟೇಲರನಿಗೆ ಕಲ್ಲಿನ ಹುಚ್ಚು. ಭೀಮೆಯ ದಂಡೆಯ ಜೇವರ್ಗಿ, ರಾಜನಕೋಳೂರು, ಶಹಾಪುರದ ಪಕ್ಕದ ವಿಭೂತಿಹಳ್ಳಿ ಎಂದು ಹುಡುಕಿಕೊಂಡು ಹೋಗಿ ಬೃಹತ್ ಶಿಲಾ ಗೋರಿಗಳನ್ನು ಅಗೆಸಿದ. ರಾಜನಕೋಳೂರಿನ ಕಲ್ಲುಮನೆಗಳನ್ನು ಊರವರು ಮೋರೇರ ಮನೆ ಎನ್ನುತ್ತಿದ್ದರು, ಕುಳ್ಳ ಜನ ಕಟ್ಟಿದ ಮನೆ ಎಂಬ ನಂಬಿಕೆ. ವಿಭೂತಿಹಳ್ಳಿಯದು ಇನ್ನೂ ವಿಚಿತ್ರ: ದೊಡ್ಡ ದೊಡ್ಡ ಗುಂಡುಗಳನ್ನು ಚುಕ್ಕೆ ರಂಗೋಲಿಯ ಹಾಗೆ ಸಾಲುಸಾಲಾಗಿ ಬಯಲಿನಲ್ಲಿ ಇಟ್ಟಿದ್ದಾರೆ. ಹೊಲದಲ್ಲಿ ಎತ್ತು ಹೂಡುವವನಿಗೆ ಅವು ನೇಗಿಲಿಗೆ ಅಡ್ಡ ಬರುವ ಕಲ್ಲು. ಟೇಲರನಿಗೆ ಅವು ಪ್ರಶ್ನೆಯಾದವು. ಗೋರಿಯನ್ನು ಅಗೆದಾಗ ಯಾವ ಪದರದಲ್ಲಿ ಏನು ಸಿಕ್ಕಿತೆಂದು ಅಡ್ಡಸೀಳಿಕೆಯ ಚಿತ್ರ ಬರೆದಿಟ್ಟ. ಪುರಾತತ್ವದ ಉತ್ಖನನಕ್ಕೆ ಶಿಸ್ತು ತಂದ ಮಾರ್ಟಿಮರ್ ವ್ಹೀಲರ್ ನೂರು ವರ್ಷದ ನಂತರ, 1954ರ ತಮ್ಮ ಪುಸ್ತಕದಲ್ಲಿ, ಆ ಚಿತ್ರಗಳನ್ನು ಮನಸಾರೆ ಹೊಗಳಿದರು.

ಆದರೆ ವಿಚಾರ? ಟೇಲರ್ ತನ್ನ ದೊಡ್ಡ ಪ್ರಬಂಧದ ತಲೆಬರಹದಲ್ಲೇ ಇವನ್ನು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಸ್ಮಾರಕಗಳೆಂದು ಕರೆದ. ಇಂಗ್ಲೆಂಡ್, ಐರ್ಲೆಂಡುಗಳಲ್ಲೂ ಇಂಥವೇ ಕಲ್ಲುಗಳಿವೆ, ಆದ್ದರಿಂದ ಕಟ್ಟಿದವರೂ ಒಂದೇ ಕುಲದವರಿರಬೇಕು ಎಂಬ ಎಣಿಕೆ. ಅದು ನಿಲ್ಲಲಿಲ್ಲ. ದಖ್ಖನ್ನಿನ ಈ ಗೋರಿಗಳು ಇಲ್ಲಿಯ ಕಬ್ಬಿಣಯುಗದ ಜನರವು. ಹುಚ್ಚು ನಿಜವಾಗಿತ್ತು, ಬೆವರು ನಿಜವಾಗಿತ್ತು, ದೊಡ್ಡ ವಿಚಾರ ಮಾತ್ರ ಉದುರಿಹೋಯಿತು. ಉಳಿದದ್ದು ಪದರ ಪದರ ಎಣಿಸಿ ಬರೆದ ಸಣ್ಣ ಚಿತ್ರ. ತನ್ನ ಊರಿನ ನೆನಪು ಅವನ ಕಣ್ಣಿಗೆ ಅಡ್ಡ ಬಂತು ಎಂದು ನನಗನ್ನಿಸುತ್ತದೆ. ಬಳ್ಳಾರಿಯಲ್ಲಿ ಲಾವಾ ಕಂಡವರಿಗೆ ಆದದ್ದೂ ಅದೇ. (ಇನ್ನೊಂದು ಮಾತು: ವಿಭೂತಿಯೂ ಸುಟ್ಟ ಸಗಣಿಯೇ. ವಿಭೂತಿಹಳ್ಳಿಯ ಹೆಸರಿಗೂ ಬೂದಿದಿಬ್ಬಕ್ಕೂ ನಾನು ಗಂಟು ಹಾಕುತ್ತಿಲ್ಲ. ಆದರೆ ಹಣೆಗೆ ಹಚ್ಚಿದಾಗ ಪವಿತ್ರ, ತಿಪ್ಪೆಯಲ್ಲಿದ್ದಾಗ ಕಸ ಎಂಬ ನಮ್ಮ ಲೆಕ್ಕಾಚಾರ ಮಜವಾಗಿದೆ. ದೀಪಾವಳಿಯಲ್ಲಿ ಹೆಂಡಿಯ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ ಚುಚ್ಚಿ, ಹೂ ಸಿಕ್ಕಿಸಿ ಹೊಸ್ತಿಲ ಮುಂದೆ ಕೂರಿಸುವವರೂ ನಾವೇ.)

ಬೂದಿಯಿಂದ ಇನ್ನಷ್ಟು ಹಿಂದಕ್ಕೆ ಹೋದರೆ ಇಸಾಂಪುರ ಸಿಗುತ್ತದೆ, ಹುಣಸಗಿಯ ಹತ್ತಿರ. ಮೇಲಿನ ಕಪ್ಪುಮಣ್ಣು ಸರಿದ ಮೇಲೆ ಕಂಡ ಅಲ್ಲಿಯ ನೆಲದಲ್ಲಿ ಆದಿಮಾನವರ ಕಲ್ಲಿನ ಕಾರ್ಖಾನೆಯೇ ಸಿಕ್ಕಿತು. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಿಂದ ಅದನ್ನು ಅಗೆದರು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಕಾಲ ಅಳೆದಾಗ ಬಂದ ಲೆಕ್ಕ ಸುಮಾರು 12 ಲಕ್ಷ ವರ್ಷ. ಸುಣ್ಣಕಲ್ಲಿನ ಹಾಸುಗಳು ತಾವಾಗಿಯೇ ಚಪ್ಪಡಿ ಚಪ್ಪಡಿಯಾಗಿ ಬಿಡುತ್ತವೆ. ಅವುಗಳಲ್ಲಿ ತಕ್ಕ ದಪ್ಪದ್ದನ್ನು ಎಬ್ಬಿಸಿ, ಬೇರೆ ಜಾತಿಯ ಗಟ್ಟಿ ಗುಂಡುಕಲ್ಲಿನಿಂದ ಅಂಚು ಕೆತ್ತಿ, ಕೈಗೊಡಲಿ ಮತ್ತು ಸೀಳುಗತ್ತಿ ಮಾಡಿದ್ದಾರೆ. ಉದುರಿದ ಚಕ್ಕೆಗಳು ಕೆತ್ತಿದವನ ಸುತ್ತ ಬಿದ್ದಲ್ಲೇ ಇದ್ದವು.

ಈ ಕಲ್ಲು ನಮಗೆ ಅಪರಿಚಿತವಲ್ಲ. ಭೀಮಾ ಕಣಿವೆಯ ಸುಣ್ಣಕಲ್ಲಿನ ಬಳಗದ್ದೇ ಶಹಾಬಾದ್ ಪರಸಿ. ಯಾದಗಿರಿಯಿಂದ ಸುರಪುರದವರೆಗೆ ಪಡಸಾಲೆಗಳ ನೆಲ ಅದೇ, ನಮ್ಮ ಬಚ್ಚಲಿಗೂ ಅದೇ. ಚಪ್ಪಡಿಯಾಗಿ ಬಿಡುವ ಗುಣಕ್ಕಾಗಿಯೇ ನಾವು ಅದನ್ನು ಕೊಳ್ಳುತ್ತೇವೆ, ಆ ಗುಣಕ್ಕಾಗಿಯೇ ಅವರೂ ಆರಿಸಿದ್ದರು. ಯಾವ ಕಲ್ಲು ಎಲ್ಲಿ ಹೊಡೆದರೆ ಹೇಗೆ ಒಡೆಯುತ್ತದೆ ಎಂಬುದನ್ನು ಮೊದಲು ಕಂಡವರು ಯಾರೋ, ಹೆಸರಿಲ್ಲ. ಅವರಿಗೆ ಕಲ್ಲಿನ ಮೇಲೆ ಮೋಹವಿತ್ತೆ ಎಂದು ಕೇಳುವುದು ಹುಚ್ಚುತನ. ಹಸಿವಿತ್ತು. ಜೊತೆಗೆ ಕೈ ತಪ್ಪಿದ್ದನ್ನು ಗಮನಿಸುವ ತಾಳ್ಮೆ ಇತ್ತು.

ಇಷ್ಟು ಬರೆದಮೇಲೆ ಮುದನೂರನ್ನು ಬಿಟ್ಟರೆ ಸುರಪುರದ ಜನ ನನ್ನನ್ನು ಕ್ಷಮಿಸುವುದಿಲ್ಲ. ದೇವರ ದಾಸಿಮಯ್ಯ ನಮ್ಮ ಮುದನೂರಿನವರು, ರಾಮನಾಥ ಅವರ ಅಂಕಿತ, ನೇಯ್ಗೆ ಅವರ ಕಾಯಕ. ಬಸವಣ್ಣನವರಿಗಿಂತ ಮುಂಚೆಯೇ, ರಾಜಸಭೆಯ ಚಂಪೂ ಬಿಟ್ಟು, ಮಾತಾಡುವ ಕನ್ನಡದಲ್ಲಿ ಸಣ್ಣ ಸಣ್ಣ ವಚನಗಳಾಗಿ ನುಡಿದವರು. ನೂರೈವತ್ತರಷ್ಟು ವಚನಗಳು ಉಳಿದಿವೆ. ಹೆಂಡತಿ ದುಗ್ಗಳೆಯೂ ವಚನಕಾರ್ತಿ. ಮಗ್ಗದ ಲಯವೇ ವಚನದ ಲಯವಾಯಿತು ಎಂದು ವೇದಿಕೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಮಾತು ಚೆಂದ, ನಂಬಲು ಸ್ವಲ್ಪ ಕಷ್ಟ. ಮಗ್ಗದ ಮುಂದೆ ಕೂತವರು ಆಗ ಸಾವಿರಾರು ಜನ ಇದ್ದರು. ದಾಸಿಮಯ್ಯನವರ ಹುಚ್ಚು ನೂಲಿನ ಮೇಲಲ್ಲ, ರಾಮನಾಥನ ಮೇಲೆ. ಹೊಟ್ಟೆ, ಹಸಿವು, ಗಂಡಹೆಂಡಿರ ಸಂಸಾರ, ಗಂಡೆಂಬ ಹೆಣ್ಣೆಂಬ ಭೇದ, ಇವೆಲ್ಲ ಅವರ ವಚನಗಳಲ್ಲಿ ಬರುವುದು ಅವು ಸುಂದರವೆಂದಲ್ಲ, ದೇವರ ಬಗ್ಗೆ ಕೇಳಬೇಕಾದ ಕಷ್ಟದ ಪ್ರಶ್ನೆಗೆ ಕೈಗೆ ಸಿಕ್ಕುವ ಸಾಮಾನು ಅವೇ ಎಂದು. ಪ್ರಶ್ನೆ ದೊಡ್ಡದು, ಸಾಮಾನು ಮನೆಯದು. ಫೂಟ್ ಮಾಡಿದ್ದೂ ಅದನ್ನೇ ಅಲ್ಲವೆ?

ಬೂದಿದಿಬ್ಬದ ಚರ್ಚೆ ಮಾತ್ರ ಸಗಣಿ ಎಂದು ಒಪ್ಪಿದಲ್ಲಿಗೆ ಮುಗಿಯಲಿಲ್ಲ. ಕಾಲೇಜಿನಲ್ಲಿದ್ದಾಗ ಆಲ್ಚಿನ್ ಅವರ ವಾದವನ್ನು ಓದಿಕೊಂಡು ಬಂದು, ಹಿತ್ತಲಲ್ಲಿ ಕೂತಿದ್ದ ಅಜ್ಜಿಗೆ ಉತ್ಸಾಹದಿಂದ ಹೇಳಿದೆ. ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿಯ ಜನ ಆಳೆತ್ತರ ಹೆಂಡಿ ಕೂಡಿಹಾಕಿ, ಮತ್ತೆ ಮತ್ತೆ ಬೆಂಕಿ ಹಚ್ಚುತ್ತಿದ್ದರು ಎಂದೆ. ಅವಳಿಗೆ ನಾಲ್ಕು ಸಾವಿರ ವರ್ಷ ದೊಡ್ಡದೆನಿಸಲಿಲ್ಲ.

‘ಅಷ್ಟೂ ಹೆಂಡಿ ಸುಟ್ರಾ? ಅವರಿಗೇನು ಹುಚ್ಚು ಹಿಡಿದಿತ್ತೇನೋ ತಮ್ಮಾ?’

ನಾನು ನಕ್ಕೆ. ಆಮೇಲೆ ವರ್ಷಗಟ್ಟಲೆ ಓದಿದಾಗ ಗೊತ್ತಾಯಿತು, ವಿದ್ವಾಂಸರು ಇನ್ನೂ ಜಗಳವಾಡುತ್ತಿರುವುದು ಆ ಪ್ರಶ್ನೆಗೇ. ಹೆಂಡಿ ಗೊಬ್ಬರ, ಹೆಂಡಿ ಉರುವಲು, ಹೆಂಡಿ ನೆಲ ಸಾರಿಸಲಿಕ್ಕೆ. ಅಂಥದ್ದನ್ನು ಯಾರು ಸುಮ್ಮನೆ ಸುಡುತ್ತಾರೆ? ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದು ಇಂದಿಗೂ ಹಳೆ ಮೈಸೂರಿನ ಕಡೆ ಇದೆ. ಅಂಥ ಹಬ್ಬದ ಬೆಂಕಿಯೇ ಇದು, ದನದ ಆರೋಗ್ಯಕ್ಕೆ, ಸಂತಾನಕ್ಕೆ ಮಾಡಿದ ಆಚರಣೆ ಎಂಬುದು ಆಲ್ಚಿನ್ ಅವರ ಊಹೆ. ಪದ್ದಯ್ಯನವರಿಗೆ ಊರ ದಿನನಿತ್ಯದ ಬದುಕು ಮುಖ್ಯ: ದೊಡ್ಡಿ ಹಸನು ಮಾಡಿ ಹೊರಗೆ ಹಾಕಿದ್ದು ರಾಶಿಯಾಯಿತು, ಅದನ್ನು ಆಗಾಗ ಸುಟ್ಟರು. ಎತ್ತರದ ದಿಬ್ಬವೇ ಅವರ ಗುಡಿಗೋಪುರ, ಬೇಕೆಂದೇ ಬೆಳೆಸಿದ್ದು ಎನ್ನುವ ಈಚಿನವರೂ ಇದ್ದಾರೆ. ಗೊಬ್ಬರ ಬೇಕಾಗುವಷ್ಟು ಬೇಸಾಯ ಆಗ ಇರಲಿಲ್ಲ, ಸುತ್ತ ಕಟ್ಟಿಗೆಗೆ ಬರವಿರಲಿಲ್ಲ, ಹಾಗಾಗಿ ಹೆಂಡಿಗೆ ಇಂದಿನ ಬೆಲೆಯೂ ಇರಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ಇದನ್ನೆಲ್ಲ ಯೋಚಿಸಬೇಕಾದದ್ದು ಹೆಂಡಿಗೆ ಬೆಲೆ ಇದೆ ಎಂದು ಗೊತ್ತಿದ್ದವರಿಗೆ ಮಾತ್ರ. ಸಿಲಿಂಡರಿನ ಮನೆಯಲ್ಲಿ ಬೆಳೆದ ನನ್ನ ಮಗಳಿಗೆ ಈ ಕತೆ ಹೇಳಿದಾಗ ಅವಳು ಕೇಳಿದ್ದು ‘ವಾಸನೆ ಬರ್ತಿರಲಿಲ್ವಾ?’ ಎಂದು. ನಾರಾಯಣಪುರದ ಕಾಲುವೆ ಬಂದು, ಗದ್ದೆ ಬಂದು, ಟ್ರ್ಯಾಕ್ಟರ್ ಬಂದು, ಹಿತ್ತಲ ದನ ಹೋದ ಮೇಲೆ ಬೆಳೆದವಳು ಅವಳು. ಅದೂ ಒಳ್ಳೆ ಪ್ರಶ್ನೆಯೇ, ಊರ ಪಕ್ಕದಲ್ಲೇ ದಿನಗಟ್ಟಲೆ ಕನಲುತ್ತಿದ್ದರೆ ಆ ಜನ ಎಲ್ಲಿರುತ್ತಿದ್ದರು?

ಅಜ್ಜಿ ಅಂದು ಇನ್ನೊಂದು ಮಾತು ಹೇಳಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಗೆ ಹತ್ತಿದ ಹೆಂಡಿಯನ್ನು ಗೋಡೆಗೆ ಒರೆಸುತ್ತ, ‘ಮಳಿಗಾಲದಾಗ ಸುಟ್ಟಿರಂಗಿಲ್ಲ ತಗೋ. ಹಸಿ ಹೆಂಡಿ ಹತ್ತಂಗಿಲ್ಲ. ಬ್ಯಾಸಗಿ ಮುಗಿಯೂದರಾಗ ಸುಟ್ಟಿರಬೇಕು, ಅವಾಗೇ ಅದು ತಳತನಕ ಒಣಗತದ’ ಎಂದಳು. ಎಂದು, ಬುಟ್ಟಿಯಲ್ಲಿ ಉಳಿದ ಹೆಂಡಿಗೆ ಇನ್ನೊಂದು ಹಿಡಿ ಹೊಟ್ಟು ಹಾಕಿ ಕಲಸತೊಡಗಿದಳು.